ಸಾಬಮ್ಮನ ಮಾನಪತ್ರ

ಫೆಬ್ರವರಿ 9, ಭಾನುವಾರ

ಎಡಗೈ. ಒಂದೇ ಬೆರಳು. ಬಲಗೈ ಮೊಣಕೈತನಕ ಪ್ಲಾಸ್ಟರಿನಲ್ಲಿದೆ. ಎರಡು ವಾರದ ಹಿಂದೆ ಮಿಯಾಪುರ ಮೆಟ್ರೋ ಮೆಟ್ಟಿಲು ಇಳಿಯುವಾಗ ನನ್ನ ಸೀರೆಯೇ ನನ್ನ ಕಾಲಿಗೆ ತೊಡರಿತು. ಯಾರನ್ನೂ ಬೈಯುವಂತಿಲ್ಲ. ಇಷ್ಟು ಕುಟ್ಟಲು ಅರ್ಧ ಗಂಟೆ. ಸಾಕು.

ಫೆಬ್ರವರಿ 11, ಮಂಗಳವಾರ

ದಿನಚರಿಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ಇವರ ಉಪಾಯ. ನೋಟ್‌ಬುಕ್ಕಿನಲ್ಲಿ ಬರೆಯಲಾಗದ ಸಿಟ್ಟನ್ನೆಲ್ಲ ನಾನು ಇವರ ಮೇಲೆ, ಹಾಲಿನವನ ಮೇಲೆ, ಲಿಫ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದೆನಂತೆ. ಕನ್ನಡ ಅಕ್ಷರಗಳ ಸ್ಟಿಕರ್ ತಂದು ಕೀಲಿಗಳ ಮೇಲೆ ಅಂಟಿಸಿದ್ದಾರೆ.

"ಬೈಯೋದಿದ್ರ ಇದರಾಗ ಬೈ, ಸುಭದ್ರಾ. ಇದು ತಿರುಗಿ ಮಾತಾಡಂಗಿಲ್ಲ" ಅಂದರು.

ಮೂವತ್ತೈದು ವರ್ಷ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದ ನಮ್ಮ ಯಜಮಾನರು, ಚಂದ್ರಕಾಂತ ಸಾಹೇಬರು, 2009ರಲ್ಲಿ ಮೂರು ದಿನ ಕಂಪ್ಯೂಟರ್ ತರಬೇತಿಗೆ ಹೋಗಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ವಿಷಯಕ್ಕೆ ಅವರದೇ ಕೊನೆಯ ಮಾತು.

ಫೆಬ್ರವರಿ 14, ಶುಕ್ರವಾರ

ಈ ಅಕ್ಷರ ನನಗೆ ಹಿಡಿಸುತ್ತಿಲ್ಲ. ಬ್ಯಾಂಕಿನ ನೋಟೀಸಿನ ಹಾಗಿದೆ. ಇದರಲ್ಲಿ ಏನು ಬರೆದರೂ ಕೊನೆಗೆ 'ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು' ಎಂದು ಸೇರಿಸಬೇಕೆನಿಸುತ್ತದೆ.

ಇವರಿಗೆ ಹೇಳಿದ್ದೇ ತಡ, ಹದಿನಾಲ್ಕು ಫಾಂಟು ಇಳಿಸಿದರು. ಒಂದೊಂದನ್ನೂ ತೆರೆದು, ಇನ್‌ಸ್ಟಾಲ್ ಎಂಬುದನ್ನು ಒತ್ತಿ, "ಆತು ನೋಡು" ಅಂದರು. ಪಟ್ಟಿಯಲ್ಲಿ ಒಂದೂ ಇಲ್ಲ. ಮತ್ತೆ ಹಾಕಿದರು. ಇಲ್ಲ. ಕುಣಿಯಲಾರದವರಿಗೆ ನೆಲ ಡೊಂಕು: ಕಂಪ್ಯೂಟರ್ ಹಳೆಯದಾಯಿತು, ಇಂಟರ್‌ನೆಟ್ಟಿನವನು ಕಳ್ಳನಾದ, ನಾನು ಪಕ್ಕದಲ್ಲಿ ನಿಂತು ಉಸಿರುಬಿಟ್ಟದ್ದೂ ತಪ್ಪಾಯಿತು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ನೋಡಿದರೆ ಹದಿನಾಲ್ಕೂ ಪಟ್ಟಿಯಲ್ಲಿ ಸಾಲಾಗಿ ಕೂತಿವೆ. ಬರೆಯುತ್ತಿದ್ದುದನ್ನು ಮುಚ್ಚಿ ಮತ್ತೆ ತೆರೆದರೆ ಮಾತ್ರ ಹೊಸ ಅಕ್ಷರ ಕಾಣುವುದಂತೆ. ಅದನ್ನು ತರಬೇತಿಯ ನಾಲ್ಕನೆಯ ದಿನ ಹೇಳಿಕೊಡುವವರಿದ್ದರೇನೋ.

ಹದಿನಾಲ್ಕರಲ್ಲಿ ಒಂದು ಮದುವೆ ಕಾರ್ಡಿನ ಹೊಟ್ಟೆ ದಪ್ಪನೆಯ ಅಕ್ಷರ. ಇನ್ನೊಂದು ಉಪವಾಸ ಬಿದ್ದದ್ದು. ಇವತ್ತು ಬರೆಯುತ್ತಿರುವುದು ಏಳನೆಯದು. ಪರವಾಗಿಲ್ಲ, ನೆರೆಮನೆಯವಳ ಹಾಗಿದೆ.

ಫೆಬ್ರವರಿ 18, ಮಂಗಳವಾರ

ಎರಡು ಬಸ್ಸು ಬದಲಿಸಿ ಸಾಬಮ್ಮ ಬಂದಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ಯಾದಗಿರಿ ಕಡೆಯವಳು, ನಾನು ಪಾಠ ಹೇಳುತ್ತಿದ್ದ ಕನ್ನಡ ಶಾಲೆಯ ಆಯಾ. ಮೂವತ್ನಾಲ್ಕು ವರ್ಷ ಗಂಟೆ ಹೊಡೆದವಳು, ನೀರು ತುಂಬಿದವಳು, ಕರಿಹಲಗೆ ಒರೆಸಿದವಳು. ಏಪ್ರಿಲ್‌ಗೆ ಅವಳ ನೌಕರಿ ಮುಗಿಯುತ್ತದೆ. ಆಮೇಲೆ ಊರಿಗೆ, ಮಗಳ ಮನೆಗೆ.

ನನ್ನ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆ ವಿಷಯ ಎತ್ತಲೇ ಇಲ್ಲ. ಅವಳು ಎತ್ತದ್ದಕ್ಕೇ ನಾನು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟೆ.

ನಮ್ಮ ಶಾಲೆಯಲ್ಲಿ ನಿವೃತ್ತರಾಗುವವರಿಗೆ ಮಾನಪತ್ರ ಓದಿ, ಕಟ್ಟು ಹಾಕಿಸಿ ಕೊಡುವುದು ಪದ್ಧತಿ. ಇಪ್ಪತ್ತಾರು ವರ್ಷ ಅವನ್ನೆಲ್ಲ ಕೈಯಲ್ಲಿ ಬರೆದವಳು ನಾನು. ಎರಡು ವರ್ಷದ ಹಿಂದೆ ನನ್ನದನ್ನೂ ನಾನೇ ಬರೆದುಕೊಂಡೆ. ಹೊಗಳಿಕೆ ಒಂದು ತೊಲ ಜಾಸ್ತಿಯಾಯಿತು ಎಂದು ಇವರು ಈಗಲೂ ಕಾಡುತ್ತಾರೆ. ಹೆಡ್‌ಮಾಸ್ತರ್ ಚಂದ್ರಹಾಸರ ಬೀಳ್ಕೊಡುಗೆಯ ದಿನ ಸಾಬಮ್ಮ ಅವರ ಮಾನಪತ್ರದ ಗಾಜು ಒರೆಸುತ್ತ ನಗುನಗುತ್ತ ಕೇಳಿದ್ದಳು: "ಅಕ್ಕೋರ, ನಾ ಹೋಗುವಾಗ ನನಗೂ ಇಂಥಾದ್ದೊಂದು ಬರಕೊಡ್ತೀರೇನ್ರಿ? ನಿಮ್ಮ ಕೈಲೆ?"

"ಬರಕೊಡ್ತೀನಿ. ನನ್ನ ಕೈಲೇ" ಅಂದಿದ್ದೆ. ಹನ್ನೊಂದು ವರ್ಷವಾಯಿತು. ಅವಳೂ ಮರೆತಿಲ್ಲ, ನಾನೂ ಮರೆತಿಲ್ಲ.

ಅವಳಿಗೆ ಓದಲು ಬಾರದು. ಆದರೆ ನನ್ನ ಅಕ್ಷರ ಗೊತ್ತು. ನಾನು ರಜೆ ಹಾಕಿದ್ದ ಒಂದು ದಿನದ ಮರುದಿನ "ನಿನ್ನೆ ನಿಮ್ಮ ಹಲಗಿ ಮ್ಯಾಲ ಯಾರು ಬರದಿದ್ದರ್ರಿ?" ಎಂದು ಕೇಳಿದವಳು. ನಾನು ಅಕ್ಷರದ ಬಾಲ ಎಳೆಯುವಾಗ ಸುಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತೇನಂತೆ. ಅದನ್ನು ಒರೆಸಲು ಎರಡು ಸಲ ಕೈ ಆಡಿಸಬೇಕಂತೆ.

ಫೆಬ್ರವರಿ 27, ಗುರುವಾರ

ಆ ಶೈಲಾ ಫೋನ್ ಮಾಡಿದ್ದಳು. ನನ್ನ ಜಾಗಕ್ಕೆ ಬಂದ ಮೈಸೂರಿನ ಹುಡುಗಿ. "ಮೇಡಂ, ನೀವು ತಲೆ ಕೆಡಿಸ್ಕೋಬೇಡಿ. ಸಾಬಮ್ಮಂಗೆ ನಾನೇ ಕಂಪ್ಯೂಟರಲ್ಲಿ ಒಂದು ಚೆಂದದ ಸರ್ಟಿಫಿಕೇಟ್ ಮಾಡಿಬಿಡ್ತೀನಿ, ಹೂವಿನ ಬಾರ್ಡರ್ ಹಾಕಿ" ಅಂದಳು.

ಹೂವಿನ ಬಾರ್ಡರ್! ಅವಳು ಶಾಲೆಯ ಗೋಡೆಗೆ ಅಂಟಿಸುವ ಕಾಗದಗಳನ್ನು ನಾನು ನೋಡಿದ್ದೇನೆ. ಒಂದೊಂದು ಸಾಲಿಗೆ ಒಂದೊಂದು ಫಾಂಟು, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನೇ ಬರೆಯುತ್ತೇನೆ ಎಂದು ಫೋನ್ ಇಟ್ಟೆ.

ಮಾರ್ಚ್ 21, ಶುಕ್ರವಾರ

ಬಿಚ್ಚಿದರು. ಬೆರಳು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ನರಕ್ಕೂ ಪೆಟ್ಟಾಗಿದೆಯಂತೆ. ಕೆಲಸಕ್ಕೆ ಬರುತ್ತದಮ್ಮಾ, ವರ್ಷ ಬೇಕು, ಆದರೆ ಸಣ್ಣ ಕೆಲಸದ ಮಾತು ಕೊಡಲಾರೆ ಎಂದರು ಡಾಕ್ಟರು. ಬರೆಯುವುದು ಸಣ್ಣ ಕೆಲಸವೇ ಎಂದು ಕೇಳಿದೆ. ಅವರು ಕಾಗದದ ಮೇಲೆ ಏನೋ ಬರೆದರು. ಅವರ ಅಕ್ಷರವಂತೂ ಗೊತ್ತೇ ಇದೆ.

ಮಾರ್ಚ್ 22, ಶನಿವಾರ

ಪೆನ್ನು ನಾಲ್ಕು ಸಲ ಬಿತ್ತು. ಐದನೆಯ ಸಲ ಎತ್ತಿಕೊಳ್ಳಲಿಲ್ಲ.

ಮಾರ್ಚ್ 24, ಸೋಮವಾರ

ಹದಿನಾಲ್ಕು ಫಾಂಟಿನಲ್ಲೂ 'ಸಾಬಮ್ಮ' ಎಂದು ಬರೆದು ನೋಡಿದೆ, ನನ್ನ ಅಕ್ಷರಕ್ಕೆ ಹತ್ತಿರವಾದದ್ದು ಒಂದಾದರೂ ಇದೆಯೇ ಎಂದು. ಇವರು ಇನ್ನೂ ಒಂಬತ್ತು ಇಳಿಸಿಕೊಟ್ಟರು. ಒಂದೂ ನನ್ನದಲ್ಲ. ಅಳು ಬಂತು. ಅರವತ್ತೆರಡರ ಹೆಂಗಸು ಅಕ್ಷರಕ್ಕೆ ಅಳುವುದೇ ಎಂದು ನನಗೇ ನಾಚಿಕೆ. ಇವರು ಚಹಾ ಮಾಡಿ ತಂದರು, ಸಕ್ಕರೆ ಮರೆತಿದ್ದರು. ಹಾಗೆಯೇ ಕುಡಿದೆ.

ಮಾರ್ಚ್ 30, ಭಾನುವಾರ, ಯುಗಾದಿ

ಶೈಲಾ ಬೇವು ಬೆಲ್ಲದ ಹೊತ್ತಿಗೆ ಹೇಳದೆ ಕೇಳದೆ ಬಂದಳು. ನಮ್ಮ ಗೋಡೆಯ ಮೇಲಿದ್ದ ನನ್ನ ಮಾನಪತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದಳು.

"ಮೇಡಂ, ಇದರಿಂದಲೇ ಫಾಂಟ್ ಮಾಡಬಹುದು."

"ಯಾವುದರಿಂದ?"

"ನಿಮ್ಮ ಅಕ್ಷರದಿಂದ. ಫೋಟೋ ತೆಗೆದು ಒಂದೊಂದೇ ಬಿಡಿಸಿ, ಕಂಪ್ಯೂಟರಿಗೆ ಹೇಳ್ಕೊಡಬೇಕು, ಅಷ್ಟೇ. ಪೂರ್ತಿ ಕನ್ನಡಕ್ಕೆ ಮಾಡೋಕೆ ಹೋದ್ರೆ, ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ, ವರ್ಷ ಹಿಡಿಯತ್ತೆ. ಸಾಬಮ್ಮನ ಮಾನಪತ್ರಕ್ಕೆ ಬೇಕಾಗೋ ಅಕ್ಷರ ಮಾತ್ರ ಮಾಡೋಣ."

ನನ್ನ ಅಕ್ಷರ ನನ್ನದು, ಯಂತ್ರದ್ದಲ್ಲ ಎಂದೆ. ಅವಳು ವಾದ ಮಾಡಲಿಲ್ಲ. "ಕಮಿಟಿಯವರು ಆಯಾಗೆ ಮಾನಪತ್ರ ಯಾಕೆ, ಶಾಲು ಹಣ್ಣು ಸಾಕು ಅಂದ್ರು ಮೇಡಂ. ನಾನು ಸುಭದ್ರಾ ಮೇಡಂ ಮಾತು ಕೊಟ್ಟಿದ್ದಾರೆ ಅಂತ ಜಗಳ ಮಾಡಿ ಒಪ್ಪಿಸಿ ಬಂದಿದ್ದೀನಿ" ಅಂದಳು.

ಹೋಳಿಗೆ ಬಡಿಸಿದೆ. ಎರಡು ತಿಂದಳು. ತುಪ್ಪ ಜಾಸ್ತಿ ಬೇಕೆಂದು ಬಾಯಿಬಿಟ್ಟು ಕೇಳುವ ಹುಡುಗಿಯರು ಈಗ ಕಡಿಮೆ.

ಏಪ್ರಿಲ್ 5, ಶನಿವಾರ

ನನ್ನ ಒಂದು ಮಾನಪತ್ರದಲ್ಲಿ ಎಲ್ಲ ಅಕ್ಷರ ಸಿಗಲಿಲ್ಲ. ಹಾಗಾಗಿ ಶೈಲಾಳ ಸ್ಕೂಟರಿನ ಹಿಂದೆ ಕೂತು ಸಿಕಂದರಾಬಾದಿಗೆ, ಚಂದ್ರಹಾಸ ಮಾಸ್ತರರ ಮನೆಗೆ ಹೋದೆ. ಟಿವಿಯ ಮೇಲೆ ಅವರ ಮಾನಪತ್ರ ತೂಗುತ್ತಿದೆ. ಗಾಜು ತೆಗೆಯಬೇಕು ಅಂದಾಗ ಮಾಸ್ತರರಿಗೆ ಜೀವ ಹೋದಂತಾಯಿತು. "ಸಾವಕಾಶ ರೀ, ಸಾವಕಾಶ" ಎಂದು ಕೈ ಚಾಚಿಕೊಂಡೇ ನಿಂತಿದ್ದರು.

ಶೈಲಾ ಫೋಟೋ ತೆಗೆಯುವಾಗ ನಾನು ಹಳೆಯ ಸಾಲುಗಳನ್ನು ಓದಿದೆ. 'ತಮ್ಮ ಶಿಸ್ತಿನ ಆಡಳಿತದಲ್ಲಿ ಶಾಲೆಯ ಗಂಟೆ ಒಂದು ದಿನವೂ ಒಂದು ನಿಮಿಷ ತಪ್ಪಲಿಲ್ಲ.' ಎಷ್ಟು ಮುದ್ದಾಗಿ ಬರೆದಿದ್ದೇನೆ. ಆ ಗಂಟೆ ಹೊಡೆದವರು ಯಾರು? ಜ್ವರ ಬಂದ ದಿನವೂ ಬಂದು ಹೊಡೆದವರು ಯಾರು?

ಮನೆಗೆ ಬಂದು ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡೆ. ವಾರ್ಷಿಕೋತ್ಸವದ ಪಟ್ಟಿಗಳು, ವಂದನಾರ್ಪಣೆಗಳು, ಸ್ವಾಗತ ಫಲಕದ ಫೋಟೋಗಳು. ಇಪ್ಪತ್ತಾರು ವರ್ಷದಲ್ಲಿ ನಾನು ಸಾಬಮ್ಮನ ಹೆಸರನ್ನು ಒಂದೇ ಒಂದು ಸಲವೂ ಬರೆದಿಲ್ಲ. 'ಆಯಾ' ಎಂದು ಬರೆದಿದ್ದೇನೆ, ಅದೂ 'ಇತರರು' ಎಂಬ ಸಾಲಿನಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿತ್ತು ನನಗೆ. ಬಹಳ ನಾಚಿಕೆಯಾಯಿತು.

ಏಪ್ರಿಲ್ 12, ಶನಿವಾರ

ಈ ವಾರ ಪೂರ್ತಿ ಶೈಲಾ ಶಾಲೆ ಮುಗಿಸಿ ನೇರ ಇಲ್ಲಿಗೆ. ಅವಳು ಪರದೆಯ ಮೇಲೆ ಅಕ್ಷರದ ಅಂಚು ತಿದ್ದುತ್ತಾಳೆ, ನಾನು ಬೆನ್ನ ಹಿಂದೆ ನಿಂತು ತಪ್ಪು ಹುಡುಕುತ್ತೇನೆ. 'ಳ' ಸೊಂಟ ಬಳುಕಿಸಿತು, 'ಮ' ಕೆಳಗಿನ ಒತ್ತಿನ ಮೇಲೆ ಬಿದ್ದೇಬಿಟ್ಟಿತು. ಇವರು ಲೇತಿನವರ ಕಣ್ಣಿನಲ್ಲಿ ನೋಡಿ "ಕೂದಲೆಳಿಯಷ್ಟು ಎಡಕ್ಕ ಸರಸು ತಂಗಿ" ಅನ್ನುತ್ತಾರೆ. ಹೇಳಿದ್ದು ಪ್ರತಿಸಲವೂ ಸರಿಯಾಗಿರುತ್ತದೆ, ಏನು ಮಾಡುವುದು.

ನಮ್ಮ ಶೈಲಾಗೆ ರಾತ್ರಿ ಊಟ ಇಲ್ಲೇ. ಹಾಸ್ಟೆಲಿನ ಸಾರು ಕುಡಿದು ಹುಡುಗಿ ಬಡವಾಗಿದ್ದಾಳೆ.

ಏಪ್ರಿಲ್ 16, ಬುಧವಾರ

ಇನ್‌ಸ್ಟಾಲ್ ಒತ್ತಲು ನನ್ನನ್ನೇ ಕೂರಿಸಿದರು. ಬಲಗೈಯ ತೋರುಬೆರಳಿನಲ್ಲೇ ಒತ್ತಿದೆ. ಎಲ್ಲವನ್ನೂ ಮುಚ್ಚಿ ಮತ್ತೆ ತೆರೆದೆವು, ಆ ಪಾಠ ಈಗ ನಮಗೆ ಬಂದಿದೆ. ಪಟ್ಟಿಯಲ್ಲಿ ಕೆಳಗೆ, ದೊಡ್ಡ ದೊಡ್ಡ ಹೆಸರುಗಳ ನಡುವೆ 'ಸುಭದ್ರಾ'.

ಈ ಸಾಲುಗಳು ನನ್ನ ಅಕ್ಷರದಲ್ಲಿವೆ. ಎಂಬತ್ತು ದಿನದ ಮೇಲೆ ನೋಡುತ್ತಿದ್ದೇನೆ. ಎದೆ ತುಂಬಿ ಬಂತು. ಅಲ್ಲಲ್ಲಿ ಶೈಲಾ ಮಾಡದ ಅಕ್ಷರ ಬಂದರೆ ಮಾತ್ರ ನಡುವೆ ಬ್ಯಾಂಕಿನ ನೋಟೀಸಿನವನು ಬಂದು ನಿಲ್ಲುತ್ತಾನೆ. ನಿಲ್ಲಲಿ, ಪಾಪ.

ಏಪ್ರಿಲ್ 19, ಶನಿವಾರ

ಮಾನಪತ್ರ ಸಿದ್ಧ. ಶೈಲಾ ಅದನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕಿ, "ಇದನ್ನೇ ಕೊಡಿ ಮೇಡಂ" ಎಂದು ಎರಡು ಸಲ ಹೇಳಿ ಹೋದಳು. ಅವಳು ಹೋದ ಮೇಲೆ ಮತ್ತೊಮ್ಮೆ ಓದಿದೆ. 'ಶಾಲೆಯ ಆಯಾ ಆಗಿ' ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ತೆಗೆದು 'ಶಾಲೆಯ ಗಂಟೆಯನ್ನು ಕಾದವರಾಗಿ' ಎಂದು ಮಾಡಿದೆ. ತಿದ್ದಿದ್ದನ್ನು ನಾನೇ ಪೆನ್‌ಡ್ರೈವಿಗೆ ಹಾಕಿದೆ, ಹಳೆಯದನ್ನು ಅಳಿಸಿದೆ. ಇಷ್ಟೆಲ್ಲ ನನಗೆ ಬರುತ್ತದೆ ಈಗ! ಮುದ್ರಿಸಿ ಕಟ್ಟು ಹಾಕಲು ಸಿಕಂದರಾಬಾದಿನ ಅಂಗಡಿಯಲ್ಲಿ ಇವರು ಕೊಟ್ಟು ಬಂದರು.

ಏಪ್ರಿಲ್ 21, ಸೋಮವಾರ

ಕಟ್ಟು ಹಾಕಿದ ಮಾನಪತ್ರವನ್ನು ಅಂಗಡಿಯವನೇ ಮನೆಗೆ ತಂದುಕೊಟ್ಟ. ಬಂಗಾರದ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದ್ದಾನೆ. ಬಿಚ್ಚಿ ನೋಡೋಣವೇ ಅಂದೆ. ಅಂಗಡಿಯವನು, "ಹೌ ಮೇಡಂ, ಏಕ್‌ದಂ ಫಸ್ಟ್‌ಕ್ಲಾಸ್, ಖೋಲ್ನಾ ನಕ್ಕೋ" ಅಂದ, ಬಿಚ್ಚಬೇಡಿ ಎಂದು. ಅಷ್ಟು ಚೆಂದದ ಕಟ್ಟನ್ನು ಕೆಡಿಸಲು ನನಗೂ ಮನಸ್ಸಾಗಲಿಲ್ಲ.

ಏಪ್ರಿಲ್ 22, ಮಂಗಳವಾರ

ಸಾಬಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ವೇದಿಕೆಯ ಮೇಲಿನ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ನಾನು ಬಾಯಿಪಾಠವಾಗಿದ್ದ ಮಾನಪತ್ರವನ್ನು ಕಾಗದ ನೋಡದೆ ಹೇಳಿದೆ. ಗಂಟೆಯ ಮಾತು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ರಿಬ್ಬನ್ ಬಿಚ್ಚಿ ಅವಳ ಕೈಗೆ ಕೊಟ್ಟೆ.

ಅವಳು ಕಣ್ಣಿಗೊತ್ತಿಕೊಂಡಳು. ಗಾಜಿನ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು. ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಅಂದಳು: "ಭಾಳ ಚಲೋ ಐತ್ರಿ ಅಕ್ಕೋರ. ಯಾರು ಬರದಾರ್ರಿ ಇದನ್ನ?"

ನೋಡಿದೆ. ಬ್ಯಾಂಕಿನ ನೋಟೀಸು. ಮೊದಲಿನಿಂದ ಕೊನೆಯವರೆಗೆ.

ಪಕ್ಕದಲ್ಲಿದ್ದ ಶೈಲಾಳ ಮುಖ ಬೆಳ್ಳಗಾಯಿತು. "ಮೇಡಂ, ಪಿಡಿಎಫ್ ಕೊಡಲಿಲ್ವಾ? ಫಾಂಟ್ ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಇರೋದು. ಬೇರೆ ಫೈಲ್ ಕೊಟ್ರೆ ಅಕ್ಷರ ಜೊತೆಗೆ ಹೋಗಲ್ಲ, ಅಂಗಡಿಯವನ ಹತ್ರ ಇರೋದೇ ಬರತ್ತೆ."

ನನ್ನ ಅಕ್ಷರ ಮಿಯಾಪುರದ ಮನೆಯಲ್ಲೇ ಉಳಿದಿದೆ. ನಾನು ಬಂದಿದ್ದೇನೆ, ಅದು ಬಂದಿಲ್ಲ. ಎಲ್ಲರೂ ಊಟಕ್ಕೆ ಎದ್ದರು.

ಏಪ್ರಿಲ್ 23, ಬುಧವಾರ

ಹನ್ನೊಂದು ವರ್ಷದ ಮಾತು. ಕನ್ನಡ ಓದಲು ಬಾರದ ಅಂಗಡಿಯವನ ಫಸ್ಟ್‌ಕ್ಲಾಸನ್ನು ನಂಬಿದೆ. ಮಾಡಿದ್ದುಣ್ಣೋ ಮಹರಾಯ.

ಶೈಲಾ ಮೂರು ಸಲ ಫೋನ್ ಮಾಡಿದಳು. ಒಂದು ಸಲವೂ 'ನಾನು ಹೇಳಿದ್ದೆನಲ್ಲ' ಎನ್ನಲಿಲ್ಲ. ನಾನಾಗಿದ್ದರೆ ಮೊದಲ ಮಾತೇ ಅದು. ಸಾಬಮ್ಮನ ರೈಲು ಭಾನುವಾರ.

ಏಪ್ರಿಲ್ 25, ಶುಕ್ರವಾರ

ಸಾಬಮ್ಮನನ್ನು ಕರೆತರಲು ಇವರೇ ಹೋಗಿದ್ದರು. ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು, "ಆ ಕಾಗದ ನನ್ನ ಕೈದಲ್ಲ ಸಾಬಮ್ಮ, ನನ್ನ ತಪ್ಪಾತು" ಅಂದೆ. ನಾನು ಇಪ್ಪತ್ತಾರು ವರ್ಷ ತಪ್ಪು ತಿದ್ದುವ ಕೆಲಸ ಮಾಡಿದವಳು. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ಲೆಕ್ಕ ಹಾಕಲು ಒಂದು ಕೈಯ ಬೆರಳು ಸಾಕು, ಅದೂ ಈಗಿನ ಕೈಯ ಬೆರಳು.

"ಅಯ್ಯ, ಬಿಡ್ರಿ ಅಕ್ಕೋರ. ನೀವು ಬಾಯಿಲೆ ಹೇಳಿದ್ರಲ್ಲ, ಅದ ಸಾಕಿತ್ತು. ಮುರದ ಕೈಲೆ ಹೆಂಗ ಬರೀತೀರಿ?"

ಕಂಪ್ಯೂಟರಿನ ಮುಂದೆ ಕರೆದುಕೊಂಡು ಹೋದೆ. ಕುರ್ಚಿ ತೋರಿಸಿದರೆ ನೆಲದ ಮೇಲೆ ಕೂರಲು ಹೋದಳು. ಇವರು "ಏಳವ್ವಾ, ಇದು ಶಾಲಿ ಅಲ್ಲ" ಎಂದು ಎಬ್ಬಿಸಿ ಕೂರಿಸಿದರು. ಮಾನಪತ್ರ ತೆರೆದೆ.

ಅವಳು ಬಗ್ಗಿದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ. ಬೆರಳನ್ನು ಒಂದು ಅಕ್ಷರದ ಬಾಲದ ಮೇಲೆ ಇಟ್ಟು, ಹಲಗೆ ಒರೆಸಿದಂತೆ ಒಮ್ಮೆ ಆಡಿಸಿದಳು, ಮತ್ತೊಮ್ಮೆ ಆಡಿಸಿದಳು.

"ಇವು ನಿಮ್ಮವು" ಅಂದಳು. "ಇವು ನಿಮ್ಮವ ನೋಡ್ರಿ! ಎರಡು ಸಲ ಒರಸಬೇಕು ಇವನ್ನ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಇವರು ಕಿಟಕಿಯ ಹತ್ತಿರ ಹೋಗಿ ಇಲ್ಲದ ಪಾರಿವಾಳವನ್ನು ಓಡಿಸಿದರು.

ಆಗ ಅವಳು ಕೇಳಿದಳು: "ಇದರಾಗ ನಿಮ್ಮ ಅಕ್ಷರ ಬರಬೇಕಂದ್ರ ನೀವ ಒತ್ತಬೇಕೇನ್ರಿ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಇಷ್ಟು ದಿನ ಇದು ನನಗೇಕೆ ಹೊಳೆಯಲಿಲ್ಲ ಎನಿಸಿತು. ಈ ಅಕ್ಷರವನ್ನು ಯಾರಾದರೂ ಒತ್ತಬಹುದು. ಶೈಲಾ ಒತ್ತಿದ್ದಾಳೆ, ಇವರು ಒತ್ತಿದ್ದಾರೆ. ಸಾವಿರಾರು ಮಕ್ಕಳ ಕೈ ಹಿಡಿದು ತಿದ್ದಿಸಿದೆ, ಅದೇ ಕೋಣೆಯಲ್ಲಿ ಹಲಗೆ ಒರೆಸುತ್ತ ನಿಂತವಳ ಕೈ ಹಿಡಿಯಲಿಲ್ಲ. ಅವಳು ಕೇಳಲಿಲ್ಲ ಎಂಬುದು ನೆಪ. ನಾನು ಕೇಳಲಿಲ್ಲ.

"ನೀ ಒತ್ತು" ಅಂದೆ. ಅವಳ ಹೆಸರಿಗೆ ಆರು ಸಲ ಒತ್ತಬೇಕು. ಒಂದೊಂದೇ ಸ್ಟಿಕರ್ ತೋರಿಸಿದೆ. ಮೊದಲನೆಯದನ್ನು ಒತ್ತಿ ಹಿಡಿದುಬಿಟ್ಟಳು, ಪರದೆ ತುಂಬ ಸಸಸಸಸ ಎಂದು ಸಾಲು ಓಡಿತು. ಹೆದರಿ ಕೈ ಹಿಂದೆಳೆದುಕೊಂಡಳು.

"ಗಂಟಿ ಹೆಂಗ ಹೊಡೀತಿದ್ದಿ?" ಎಂದು ಕೇಳಿದೆ.

ಯೋಚಿಸಿದಳು. "ಹೊಡದು ಕೈ ತಗೀಬೇಕ್ರಿ. ಇಲ್ಲಂದ್ರ ನಾದ ಬರಂಗಿಲ್ಲ."

"ಇದೂ ಹಂಗ."

ಹೊಡೆದು ಕೈ ತೆಗೆದಳು. ಆರು ಸಲ. ಪರದೆಯ ಮೇಲೆ ಅವಳ ಹೆಸರು ನಿಂತಿತು. "ನಿಮ್ಮ ಕೈ ನನಗ ಬಂತಲ್ರಿ ಅಕ್ಕೋರ" ಅಂದಳು. ನಾನು ಮುರಿದ ಕೈಯನ್ನು ಅವಳ ತಲೆಯ ಮೇಲೆ ಇಟ್ಟೆ. ಅದನ್ನು ಅಷ್ಟು ಮಟ್ಟಿಗೆ ಎತ್ತಲು ಬರುತ್ತದೆ ಎಂದು ಇವತ್ತೇ ಗೊತ್ತಾಯಿತು.

ಸಂಜೆ ನಮ್ಮ ಶೈಲಾ ಬಂದು ಪಿಡಿಎಫ್ ಮಾಡಿಕೊಂಡು ಹೋಗಿದ್ದಾಳೆ. ನಾಳೆ ಅದೇ ಕಟ್ಟಿಗೆ ಹೊಸ ಕಾಗದ. ಈ ಸಲ ಕಟ್ಟು ಹಾಕುವಾಗ ತಾನೇ ಅಂಗಡಿಯಲ್ಲಿ ನಿಂತು ಓದುತ್ತಾಳಂತೆ. ಸಾಬಮ್ಮನ ಮೊಮ್ಮಗಳ ಶಾಲೆಯಲ್ಲಿ ಕಂಪ್ಯೂಟರ್ ಇದೆಯಂತೆ, ಫಾಂಟನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಸಾಬಮ್ಮನ ಸೆರಗಿಗೆ ಕಟ್ಟಿದ್ದೇನೆ. ಹೇಗೆ ಇನ್‌ಸ್ಟಾಲ್ ಮಾಡುವುದು ಎಂದು ಇವರು ಅವಳಿಗೆ ಮೂರು ಸಲ ಹೇಳಿಕೊಟ್ಟರು. ಮುಚ್ಚಿ ತೆರೆಯುವುದನ್ನು ಮಾತ್ರ ನಾನು ನೆನಪಿಸಬೇಕಾಯಿತು.

ಹೊರಡುವಾಗ ಸಾಬಮ್ಮ ಮತ್ತೊಂದು ಸಲ ಹೊಡೆಯುತ್ತೇನೆ ಅಂದಳು. ಪರದೆಯ ಮೇಲೆ ಈ ದಿನಚರಿ ತೆರೆದಿತ್ತು, ಯಾರಿಗೂ ತೋರಿಸದ್ದು. ಇದರಲ್ಲೇ ಹೊಡಿ ಎಂದು ಬಿಟ್ಟುಕೊಟ್ಟೆ. ಯಾರೂ ಏನೂ ಹೇಳಿಕೊಡದೆ, ಆರು ಸಲವೂ ಸ್ಟಿಕರ್ ತಾನೇ ಹುಡುಕಿದಳು. ಅದರ ಮೇಲೆ ಜಾಗ ಮಾಡಿಕೊಂಡು ಇಷ್ಟನ್ನೂ ಆಮೇಲೆ ಬರೆದಿದ್ದೇನೆ. ಕೆಳಗಿನ ಸಾಲು ಮಾತ್ರ ಅವಳು ಬಿಟ್ಟುಹೋದ ಹಾಗೆಯೇ ಇದೆ. ಅಕ್ಷರ ನನ್ನದು. ಬರೆದವಳು ನಾನಲ್ಲ.

ಸಾಬಮ್ಮ